ಶಿಶು ಶಿಕ್ಷಣದಲ್ಲಿ ಪೂರ್ವಗ್ರಹ ನಿವಾರಣೆ

ಪೂರ್ವಗ್ರಹ ನಿವಾರಣಾ ಶಿಕ್ಷಣವು ಮೂರರಿಂದ ಎಂಟು ವರ್ಷದೊಳಗಿನ ಮಕ್ಕಳ ತರಗತಿಗಳಲ್ಲಿ ಅನುಸರಿಸಲಾಗುವ ಒಂದು ಬೋಧನಾ ಕ್ರಮ. ಜಾತಿ, ಮತ, ಭಾಷೆ, ಮೈಬಣ್ಣ, ಲಿಂಗ, ಬಡತನ, ಅಂಗವೈಕಲ್ಯ, ಕುಟುಂಬದ ಸ್ವರೂಪ ಮುಂತಾದ ಭೇದಗಳು ಮಕ್ಕಳ ಮನಸ್ಸಿನಲ್ಲಿ ಮೇಲು-ಕೀಳಿನ ಎಣಿಕೆಯಾಗಿ ಬೇರೂರುವ ಮೊದಲೇ ಆ ಎಣಿಕೆಯನ್ನು ಗುರುತಿಸಿ ತಿದ್ದುವುದು ಇದರ ಉದ್ದೇಶ. ಇದಕ್ಕೆ ವೇಳಾಪಟ್ಟಿಯಲ್ಲಿ ಪ್ರತ್ಯೇಕ ಅವಧಿ ಬೇಕಾಗುವುದಿಲ್ಲ. ಹಾಜರಿ ಕರೆಯುವುದು, ಕೂರಿಸುವುದು, ಕಥೆ ಹೇಳುವುದು, ಆಟ ಆಡಿಸುವುದು, ಊಟ ಬಡಿಸುವುದು ಮುಂತಾದ ದಿನನಿತ್ಯದ ಕೆಲಸಗಳ ಮೂಲಕವೇ ಇದು ನಡೆಯುತ್ತದೆ. ಈ ಲೇಖನವು ಈ ಕ್ರಮದ ಹಿನ್ನೆಲೆ ಮತ್ತು ತತ್ತ್ವಗಳನ್ನು ತಿಳಿಸಿ, ಕಲಬುರಗಿ ನಗರ ಮತ್ತು ಕಮಲಾಪುರ ತಾಲ್ಲೂಕಿನಂತಹ ಬಹುಭಾಷಿಕ ಪ್ರದೇಶದ ಅಂಗನವಾಡಿ ಹಾಗೂ ಕಿರಿಯ ತರಗತಿಗಳಲ್ಲಿ ಅದನ್ನು ಬಳಸುವ ಬಗೆಯನ್ನು ವಿವರಿಸುತ್ತದೆ.

ಪದದ ಅರ್ಥ

ಒಬ್ಬ ವ್ಯಕ್ತಿಯನ್ನು ಅರಿಯುವ ಮೊದಲೇ ಅವನ ಬಗ್ಗೆ ಮಾಡಿಕೊಂಡ ತೀರ್ಮಾನಕ್ಕೆ ಪೂರ್ವಗ್ರಹ ಎಂದು ಹೆಸರು. ಪೂರ್ವಗ್ರಹವು ಮನಸ್ಸಿನಲ್ಲಿರುವ ಭಾವನೆ. ಅದು ನಡತೆಯಾಗಿ ಹೊರಬಿದ್ದಾಗ ತಾರತಮ್ಯವಾಗುತ್ತದೆ. ಎಲ್ಲ ವ್ಯತ್ಯಾಸಗಳನ್ನು ಗುರುತಿಸುವುದೂ ಪೂರ್ವಗ್ರಹವಲ್ಲ. ಪಕ್ಕದಲ್ಲಿ ಕುಳಿತ ಮಗುವಿನ ಬಣ್ಣ ತನ್ನದಕ್ಕಿಂತ ಬೇರೆ ಎಂದು ಮಗು ಹೇಳಿದರೆ ಅದು ಗಮನಿಸುವಿಕೆ. ಆ ಕಾರಣಕ್ಕೆ ಅವನ ಪಕ್ಕ ಕೂರುವುದಿಲ್ಲ ಎಂದರೆ ಅದು ಪೂರ್ವಗ್ರಹ. ಈ ಎರಡರ ನಡುವಿನ ಅಂತರವನ್ನು ತಿಳಿದಿರುವುದು ಶಿಕ್ಷಕರಿಗೆ ಬಹಳ ಅಗತ್ಯ. ಗಮನಿಸುವಿಕೆಯನ್ನು ಗದರಿಸಿ ನಿಲ್ಲಿಸಿದರೆ, ಆ ವಿಷಯವೇ ನಾಚಿಕೆಗೇಡಿನದು ಎಂಬ ಪಾಠವನ್ನು ಮಗು ಕಲಿಯುತ್ತದೆ.

ಹಿನ್ನೆಲೆ

ಈ ಕ್ರಮಕ್ಕೆ ವ್ಯವಸ್ಥಿತ ರೂಪ ದೊರೆತದ್ದು ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾದ ಪೆಸಿಫಿಕ್ ಓಕ್ಸ್ ಕಾಲೇಜಿನ ಲೂಯಿಸ್ ಡರ್ಮನ್-ಸ್ಪಾರ್ಕ್ಸ್ ಮತ್ತು ಅವರೊಡನೆ ಸೇರಿದ ಶಿಶು ಶಿಕ್ಷಕರ ತಂಡವು ಸಿದ್ಧಪಡಿಸಿದ ಕೈಪಿಡಿ 1989ರಲ್ಲಿ ಪ್ರಕಟವಾಯಿತು. ಜೂಲಿ ಓಲ್ಸನ್ ಎಡ್ವರ್ಡ್ಸ್ ಅವರೊಂದಿಗೆ ಡರ್ಮನ್-ಸ್ಪಾರ್ಕ್ಸ್ ಬರೆದ ವಿಸ್ತೃತ ಗ್ರಂಥವು 2010ರಲ್ಲಿ ಬಂದಿತು. ಇವೆಲ್ಲಕ್ಕೂ ಮೊದಲು, 1940ರ ದಶಕದಲ್ಲಿ, ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನೋವಿಜ್ಞಾನಿ ದಂಪತಿಗಳು ಗೊಂಬೆಗಳನ್ನು ಬಳಸಿ ಪ್ರಯೋಗ ನಡೆಸಿದ್ದರು. ಮೂರರಿಂದ ಏಳು ವರ್ಷದ ಕಪ್ಪು ವರ್ಣದ ಮಕ್ಕಳಲ್ಲಿ ಹೆಚ್ಚಿನವರು ಬಿಳಿಯ ಗೊಂಬೆಯನ್ನೇ ಒಳ್ಳೆಯದೆಂದು ಆರಿಸಿಕೊಂಡರು. ಶಾಲೆಗಳಲ್ಲಿ ವರ್ಣ ಪ್ರತ್ಯೇಕತೆಯನ್ನು ರದ್ದುಪಡಿಸಿದ 1954ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಈ ಅಧ್ಯಯನದ ಉಲ್ಲೇಖವಿದೆ.

ಹೆಸರು ಹೊಸದಾದರೂ ಕೆಲಸ ಭಾರತಕ್ಕೆ ಹೊಸದಲ್ಲ. ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ಆರಂಭಿಸಿ, ಅದಕ್ಕಾಗಿ ಸ್ವಜಾತಿಯವರ ಬಹಿಷ್ಕಾರವನ್ನು ಎದುರಿಸಿದರು. ಶಿಶು ಶಿಕ್ಷಣದ ಕ್ಷೇತ್ರದಲ್ಲಿ ತಾರಾಬಾಯಿ ಮೋಡಕ್ ಅವರ ಪ್ರಯೋಗ ಬಹು ಮುಖ್ಯವಾದುದು. ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಗ್ರಾಮದಲ್ಲಿ ಬಾಲವಾಡಿ ಆರಂಭಿಸಿದರು. ಕೆಳಜಾತಿಗಳ ಮಕ್ಕಳು ಅಲ್ಲಿಗೆ ಬರದಿದ್ದಾಗ ಶಿಕ್ಷಕಿಯರೇ ಅವರ ಕೇರಿಗಳಿಗೆ ಹೋಗಿ, ಮನೆಯ ಅಂಗಳದಲ್ಲಿಯೇ ಮಕ್ಕಳನ್ನು ಸೇರಿಸಿ ಕಲಿಸತೊಡಗಿದರು. ಇಂದು ದೇಶದ ಅನೇಕ ಭಾಷೆಗಳಲ್ಲಿ ಬಳಕೆಯಲ್ಲಿರುವ ‘ಅಂಗನವಾಡಿ’ ಎಂಬ ಕಲ್ಪನೆಯ ಮೂಲ ಈ ಅಂಗಳದ ಶಾಲೆಯಲ್ಲಿದೆ. ಕೇರಿಯ ಮಗು ಊರೊಳಗೆ ಬರಲಾರದಾಗ ಪಾಠವೇ ಕೇರಿಗೆ ಹೋಯಿತು.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಮೂರರಿಂದ ಆರು ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣ ಈ ಯೋಜನೆಯ ಸೇವೆಗಳಲ್ಲಿ ಒಂದು. ಮನೆ ಮತ್ತು ನೆಂಟರ ವಲಯವನ್ನು ಬಿಟ್ಟು ಬೇರೆ ಜಾತಿ, ಬೇರೆ ಭಾಷೆಯ ಮಕ್ಕಳೊಡನೆ ಮಗು ಮೊದಲ ಬಾರಿಗೆ ಕೂಡಿ ಕೂರುವ, ಕೂಡಿ ಉಣ್ಣುವ ಸ್ಥಳ ಸಾಮಾನ್ಯವಾಗಿ ಅಂಗನವಾಡಿಯೇ ಆಗಿರುತ್ತದೆ.

ಮಕ್ಕಳಲ್ಲಿ ಪೂರ್ವಗ್ರಹ ಮೂಡುವ ಬಗೆ

ಚಿಕ್ಕ ಮಕ್ಕಳಿಗೆ ಭೇದಭಾವ ತಿಳಿಯದು ಎಂಬ ನಂಬಿಕೆ ವ್ಯಾಪಕವಾಗಿದೆ. ಸಂಶೋಧನೆಗಳು ಇದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಮಕ್ಕಳು ವ್ಯತ್ಯಾಸಗಳನ್ನು ಬಹು ಬೇಗ ಗಮನಿಸುತ್ತಾರೆ. ಆ ವ್ಯತ್ಯಾಸಗಳಿಗೆ ಬೆಲೆ ಕಟ್ಟುವುದನ್ನು ಸುತ್ತಲಿನವರಿಂದ ಕಲಿಯುತ್ತಾರೆ. ಈ ಕಲಿಕೆ ಉಪದೇಶದ ಮೂಲಕ ನಡೆಯುವುದು ಕಡಿಮೆ. ಯಾರ ಮನೆಯ ನೀರು ಕುಡಿಯುತ್ತಾರೆ, ಯಾರಿಗೆ ಹೊರಗಿನ ಲೋಟದಲ್ಲಿ ಚಹಾ ಕೊಡುತ್ತಾರೆ, ಯಾರನ್ನು ಬಹುವಚನದಲ್ಲಿ, ಯಾರನ್ನು ಏಕವಚನದಲ್ಲಿ ಮಾತಾಡಿಸುತ್ತಾರೆ ಎಂಬುದನ್ನು ಮಗು ದಿನವೂ ನೋಡುತ್ತಿರುತ್ತದೆ.

ಶಿಕ್ಷಕರ ನಡತೆಯ ಪಾತ್ರವನ್ನು ತೋರಿಸುವ ಕೆಲವು ಅಧ್ಯಯನಗಳು ಗಮನಾರ್ಹವಾಗಿವೆ. ಅಮೆರಿಕದ ಮೆಗನ್ ಪ್ಯಾಟರ್ಸನ್ ಮತ್ತು ರೆಬೆಕ್ಕಾ ಬಿಗ್ಲರ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗೆ ಕೆಂಪು ಅಥವಾ ನೀಲಿ ಅಂಗಿಗಳನ್ನು ತೊಡಿಸಲಾಗಿತ್ತು. ಕೆಲವು ತರಗತಿಗಳಲ್ಲಿ ಶಿಕ್ಷಕರು ಅಂಗಿಯ ಬಣ್ಣವನ್ನು ಹೇಳಿ ಮಕ್ಕಳನ್ನು ಕರೆಯುತ್ತಿದ್ದರು, ಬಣ್ಣದ ಪ್ರಕಾರ ಸಾಲು ಮಾಡಿಸುತ್ತಿದ್ದರು. ಇನ್ನು ಕೆಲವು ತರಗತಿಗಳಲ್ಲಿ ಬಣ್ಣದ ಮಾತನ್ನೇ ಎತ್ತಲಿಲ್ಲ. ಬಣ್ಣವನ್ನು ಹೇಳಿ ವಿಂಗಡಿಸಿದ ತರಗತಿಗಳ ಮಕ್ಕಳಲ್ಲಿ ತಮ್ಮ ಗುಂಪಿನ ಪಕ್ಷಪಾತ ಹೆಚ್ಚಾಗಿ ಕಂಡುಬಂದಿತು. ಒಂದು ಗುಂಪು ಮೇಲು ಎಂದು ಯಾರೂ ಹೇಳಿರಲಿಲ್ಲ, ವಿಂಗಡಣೆಯೊಂದೇ ಸಾಕಾಯಿತು.

ಭಾರತದ ಜಾತಿ ವ್ಯವಸ್ಥೆಯ ಸಂದರ್ಭದಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಗ್ರಾಮಗಳಲ್ಲಿ ನಡೆಸಿದ ಪ್ರಯೋಗ ಪ್ರಸಿದ್ಧವಾಗಿದೆ. ಆರು ಮತ್ತು ಏಳನೆಯ ತರಗತಿಯ ಹುಡುಗರಿಗೆ ಚಕ್ರವ್ಯೂಹದ ಒಗಟುಗಳನ್ನು ಬಿಡಿಸಲು ಕೊಡಲಾಯಿತು. ಜಾತಿಯ ಪ್ರಸ್ತಾಪವಿಲ್ಲದಾಗ ಮೇಲ್ಜಾತಿ ಮತ್ತು ಕೆಳಜಾತಿಗಳ ಹುಡುಗರ ಸಾಧನೆಯಲ್ಲಿ ಗಮನಾರ್ಹ ಅಂತರ ಕಾಣಲಿಲ್ಲ. ಪ್ರತಿಯೊಬ್ಬರ ಹೆಸರು ಮತ್ತು ಜಾತಿಯನ್ನು ಎಲ್ಲರೆದುರು ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರ ಸಾಧನೆ ಕುಸಿಯಿತು. ಈ ಮಕ್ಕಳು ಶಿಶು ತರಗತಿಯವರಲ್ಲದಿದ್ದರೂ, ತರಗತಿಯಲ್ಲಿ ಜಾತಿ ಪಟ್ಟಿಯನ್ನು ಗಟ್ಟಿಯಾಗಿ ಓದುವ ರೂಢಿಯ ಬಗ್ಗೆ ಈ ಪ್ರಯೋಗ ಎಚ್ಚರಿಸುತ್ತದೆ. ಲಿಂಗದ ವಿಷಯದಲ್ಲಿ, 2017ರಲ್ಲಿ ಪ್ರಕಟವಾದ ಲಿನ್ ಬಿಯಾನ್ ಮತ್ತು ಸಂಗಡಿಗರ ಅಧ್ಯಯನವು, ಐದು ವರ್ಷದ ಹುಡುಗಿಯರು ತಮ್ಮವರನ್ನೂ ‘ಬಹಳ ಜಾಣರು’ ಎಂದೇ ಎಣಿಸುತ್ತಾರೆ, ಆರು ವರ್ಷದ ಹೊತ್ತಿಗೆ ಆ ಎಣಿಕೆ ಕುಗ್ಗುತ್ತದೆ ಎಂದು ತೋರಿಸಿತು. ಅಂದರೆ ಒಂದನೆಯ ತರಗತಿಗೆ ಸೇರುವ ವಯಸ್ಸಿಗೇ ಇದು ಆರಂಭವಾಗಿರುತ್ತದೆ.

ನಾಲ್ಕು ಗುರಿಗಳು

ಡರ್ಮನ್-ಸ್ಪಾರ್ಕ್ಸ್ ಅವರ ನಿರೂಪಣೆಯಲ್ಲಿ ಈ ಶಿಕ್ಷಣಕ್ಕೆ ನಾಲ್ಕು ಗುರಿಗಳಿವೆ.

ಮೊದಲನೆಯದು ಅಸ್ಮಿತೆ. ಪ್ರತಿ ಮಗುವಿಗೂ ತನ್ನ ಬಗ್ಗೆ, ತನ್ನ ಮನೆ ಮತ್ತು ಮಾತಿನ ಬಗ್ಗೆ ಅಭಿಮಾನವಿರಬೇಕು; ಆ ಅಭಿಮಾನ ಇತರರಿಗಿಂತ ತಾನು ಮೇಲು ಎಂಬ ಹಮ್ಮಾಗಬಾರದು.

ಎರಡನೆಯದು ವೈವಿಧ್ಯ. ಮನುಷ್ಯರಲ್ಲಿರುವ ವ್ಯತ್ಯಾಸಗಳನ್ನು ಮಗು ಸಹಜವಾಗಿ, ಸರಿಯಾದ ಪದಗಳಲ್ಲಿ ಹೇಳಲು ಕಲಿಯಬೇಕು.

ಮೂರನೆಯದು ನ್ಯಾಯ. ಯಾವುದು ಅನ್ಯಾಯ, ಅದರಿಂದ ಇನ್ನೊಬ್ಬರಿಗೆ ನೋವಾಗುತ್ತದೆ ಎಂಬುದು ಮಗುವಿಗೆ ಅರಿವಾಗಬೇಕು.

ನಾಲ್ಕನೆಯದು ಕ್ರಿಯೆ. ತನಗಾಗಲಿ ಗೆಳೆಯರಿಗಾಗಲಿ ಅನ್ಯಾಯವಾದಾಗ ‘ಹಾಗೆ ಮಾಡಬಾರದು’ ಎಂದು ಹೇಳುವ, ದೊಡ್ಡವರ ನೆರವು ಕೇಳುವ ಧೈರ್ಯ ಬರಬೇಕು.

ಗುರಿಗಳು ಈ ಕ್ರಮದಲ್ಲಿರುವುದಕ್ಕೂ ಅರ್ಥವಿದೆ. ತನ್ನ ಮನೆಮಾತಿನ ಬಗ್ಗೆಯೇ ನಾಚಿಕೆಪಡುವ ಮಗುವಿನಿಂದ ಇನ್ನೊಬ್ಬರ ಪರವಾಗಿ ಮಾತಾಡುವ ಧೈರ್ಯವನ್ನು ನಿರೀಕ್ಷಿಸಲಾಗದು.

ಕಲಬುರಗಿ ಮತ್ತು ಕಮಲಾಪುರದ ಸಂದರ್ಭ

ಕಲಬುರಗಿಯು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಗುಲ್ಬರ್ಗ ಎಂಬ ಹೆಸರು 2014ರಲ್ಲಿ ಅಧಿಕೃತವಾಗಿ ಕಲಬುರಗಿ ಎಂದಾಯಿತು. ಸಂಸ್ಥಾನದ ಕಾಲದಲ್ಲಿ ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದುವಾಗಿದ್ದು, ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಶಾಲೆಯಲ್ಲಿ ಬೇರೊಂದು ಭಾಷೆಯನ್ನು ಎದುರಿಸಬೇಕಾಗಿತ್ತು. ಆ ಕಷ್ಟದ ನೆನಪು ಈ ಭಾಗದ ಹಿರಿಯರಲ್ಲಿ ಬಹುಕಾಲ ಉಳಿದಿತ್ತು. ಇಂದು ಅದೇ ಕಷ್ಟ ಉರ್ದು, ಲಂಬಾಣಿ, ತೆಲುಗು ಅಥವಾ ಮರಾಠಿ ಮನೆಮಾತಿನ ಮಕ್ಕಳಿಗೆ ಕನ್ನಡ ಅಥವಾ ಇಂಗ್ಲಿಷ್ ತರಗತಿಗಳಲ್ಲಿ ಒದಗುತ್ತದೆ.

ಖ್ವಾಜಾ ಬಂದೇನವಾಜ್ ದರ್ಗಾ ಮತ್ತು ಶರಣಬಸವೇಶ್ವರ ದೇವಾಲಯ ಎರಡೂ ಇರುವ ನಗರದಲ್ಲಿ ಒಂದೇ ಓಣಿಯ ಮಕ್ಕಳು ಹಲವು ಭಾಷೆಗಳನ್ನು ಕೇಳುತ್ತ ಬೆಳೆಯುತ್ತಾರೆ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯ ಮೇಲಿರುವ ಕಮಲಾಪುರವು ಕಲಬುರಗಿ ತಾಲ್ಲೂಕಿನಿಂದ ಬೇರ್ಪಟ್ಟ ಹೊಸ ತಾಲ್ಲೂಕು. ಭೌಗೋಳಿಕ ಸೂಚ್ಯಂಕ ಪಡೆದ ಕೆಂಪು ಬಾಳೆಗೆ ಇದು ಹೆಸರಾಗಿದೆ. ತಾಲ್ಲೂಕಿನಲ್ಲಿ ಲಂಬಾಣಿ ತಾಂಡಾಗಳು ಸಾಕಷ್ಟಿವೆ. ತಾಂಡಾದ ಅನೇಕ ಕುಟುಂಬಗಳು ವರ್ಷದ ಕೆಲವು ತಿಂಗಳು ಮುಂಬೈ, ಪುಣೆ, ಹೈದರಾಬಾದ್ ಮುಂತಾದೆಡೆ ದುಡಿಯಲು ಹೋಗುವುದರಿಂದ ಮಕ್ಕಳ ಹಾಜರಾತಿ ನಡುವೆ ಕಡಿದುಹೋಗುತ್ತದೆ. 2011ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇ. 64.85, ಇದು ರಾಜ್ಯದ ಸರಾಸರಿ ಶೇ. 75.36ಕ್ಕಿಂತ ಬಹಳ ಕಡಿಮೆ. ಮಹಿಳೆಯರಲ್ಲಿ ಸಾಕ್ಷರತೆ ಶೇ. 55ರಷ್ಟು ಮಾತ್ರ. ಶಾಲೆಯ ಮೆಟ್ಟಿಲು ಹತ್ತಿದ ಮೊದಲ ತಲೆಮಾರಿನ ಮಕ್ಕಳು ತರಗತಿಗಳಲ್ಲಿ ಇಂದಿಗೂ ಇದ್ದಾರೆ. ಇಂತಹ ಮಗುವಿಗೆ ಮೊದಲ ವಾರದಲ್ಲಿ ಆದ ಅವಮಾನ, ಮುಂದೆ ಶಾಲೆ ಬಿಡುವುದಕ್ಕೆ ಕಾರಣವಾಗಬಲ್ಲದು.

ಭಾಷೆ

ತರಗತಿಯಲ್ಲಿ ಅತಿ ಬೇಗ ಕಾಣಿಸುವ ಪೂರ್ವಗ್ರಹ ಭಾಷೆಯದು. ‘ಮಾಡ್ಲಾಕತ್ತಾನ’, ‘ಹೋಗ್ಯಾನ’ ಎನ್ನುವ ಮಗುವನ್ನು ‘ಶುದ್ಧವಾಗಿ ಮಾತಾಡು’ ಎಂದು ತಿದ್ದುವುದು ರೂಢಿಯಲ್ಲಿದೆ. ಇದರಿಂದ ಮಗು ತನ್ನ ತಾಯಿಯ ಮಾತು ಅಶುದ್ಧ ಎಂದು ತಿಳಿಯುತ್ತದೆ. ಇದಕ್ಕೆ ಬದಲಾಗಿ ‘ಮನೆಯ ಮಾತು’ ಮತ್ತು ‘ಪುಸ್ತಕದ ಮಾತು’ ಎಂಬ ಎರಡು ಹೆಸರುಗಳನ್ನು ಬಳಸಿ, ಎರಡನ್ನೂ ಕಲಿಯುವುದು ಜಾಣತನ ಎಂದು ಹೇಳುವುದು ಉತ್ತಮ. ಮನೆಮಾತೇ ಬೇರೆಯಾದ ಮಕ್ಕಳಿರುವಲ್ಲಿ ನಿತ್ಯ ಬಳಕೆಯ ಪದಗಳ ಚಿತ್ರಪಟ ನೆರವಾಗುತ್ತದೆ. ನೀರಿಗೆ ಉರ್ದುವಿನಲ್ಲಿ ಪಾನಿ, ಮರಾಠಿಯಲ್ಲಿಯೂ ಲಂಬಾಣಿಯಲ್ಲಿಯೂ ಪಾಣಿ, ತೆಲುಗಿನಲ್ಲಿ ನೀಳ್ಳು. ತಾಯಿಯನ್ನು ಒಂದು ಮಗು ಅವ್ವ ಎಂದರೆ ಇನ್ನೊಂದು ಅಮ್ಮಿ, ಮತ್ತೊಂದು ಆಯಿ, ತಾಂಡಾದ ಮಗು ಯಾಡಿ ಎನ್ನುತ್ತದೆ. ಈ ಪದಗಳನ್ನು ಮಕ್ಕಳಿಂದಲೇ ಕೇಳಿ ಬರೆದಾಗ, ತರಗತಿಯಲ್ಲಿ ಬಾಯಿ ತೆರೆಯದ ಮಗು ಆ ಒಂದು ಪದಕ್ಕಾದರೂ ಗುರುವಾಗುತ್ತದೆ. ಲಂಬಾಣಿಗೆ ಸ್ವಂತ ಲಿಪಿ ಇಲ್ಲದಿರುವುದರಿಂದ ಅದನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು.

ಊಟದ ಪಂಕ್ತಿ

ಪಂಕ್ತಿಭೇದ ಎಂಬ ಪದ ಕನ್ನಡದಲ್ಲಿ ಹಳೆಯದು. ದಾಸೋಹವನ್ನು ಎತ್ತಿಹಿಡಿದ ಶರಣ ಪರಂಪರೆಯ ನೆಲ ಇದು. ಮಧ್ಯಾಹ್ನದ ಬಿಸಿಯೂಟಕ್ಕೆ ಸರ್ಕಾರ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಿತು. ಈ ಯೋಜನೆ 2002-03ರಲ್ಲಿ ಮೊದಲು ಜಾರಿಯಾದ ಏಳು ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡುವುದು ಆರಂಭವಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ನಿಗದಿಯಾಯಿತು. ಅಪೌಷ್ಟಿಕತೆಯನ್ನು ತಗ್ಗಿಸುವ ಈ ಕ್ರಮಕ್ಕೆ ಕೆಲವು ಮಠಾಧೀಶರ ಮತ್ತು ಸಂಘಟನೆಗಳ ವಿರೋಧ ವ್ಯಕ್ತವಾಯಿತು. ಮೊಟ್ಟೆಯಿಂದ ಮಕ್ಕಳಲ್ಲಿ ಭೇದ ಉಂಟಾಗುತ್ತದೆ ಎಂಬುದು ಅವರ ವಾದಗಳಲ್ಲಿ ಒಂದು. ಬೇಡವೆನ್ನುವ ಮಗುವಿಗೆ ಹಣ್ಣಿರುವಾಗ ಬೇಕೆನ್ನುವ ಮಗುವಿನ ಮೊಟ್ಟೆಯನ್ನು ಏಕೆ ತಡೆಯಬೇಕು ಎಂಬುದು ಪರವಾದಿಗಳ ಪ್ರಶ್ನೆ. ಮುಂದೆ ಈ ಯೋಜನೆ ರಾಜ್ಯದ ಇತರ ಜಿಲ್ಲೆಗಳಿಗೂ ವಿಸ್ತರಿಸಿತು.

ಶಿಕ್ಷಕರ ದೃಷ್ಟಿಯಿಂದ ಇಲ್ಲಿ ಮುಖ್ಯವಾದುದು ಬಡಿಸುವ ವಿಧಾನ. ಮೊಟ್ಟೆಯವರದೊಂದು ಸಾಲು, ಹಣ್ಣಿನವರದೊಂದು ಸಾಲು ಮಾಡಿದರೆ ಕೆಲವೇ ದಿನಗಳಲ್ಲಿ ಅದು ಜಾತಿಯ ಸಾಲಾಗಿ ಕಾಣತೊಡಗುತ್ತದೆ. ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಎರಡು ಪಾತ್ರೆಗಳನ್ನೂ ಎಲ್ಲರ ಮುಂದೆ ತಂದು, ‘ನಿನಗೆ ಯಾವುದು ಬೇಕು’ ಎಂದು ಕೇಳುವುದು ಸರಿಯಾದ ಮಾರ್ಗ. ತಿನ್ನುವ ಮಗುವನ್ನಾಗಲಿ ತಿನ್ನದ ಮಗುವನ್ನಾಗಲಿ ಹೊಗಳುವುದೂ ಸಲ್ಲದು, ಹೀಗಳೆಯುವುದೂ ಸಲ್ಲದು.

ಅಡುಗೆಯವರ ಜಾತಿಯ ಕಾರಣದಿಂದ ಪೋಷಕರು ಮಕ್ಕಳನ್ನು ಊಟದಿಂದ ತಡೆದ ಘಟನೆಗಳು ಕರ್ನಾಟಕದಲ್ಲಿಯೂ ವರದಿಯಾಗಿವೆ. ಅಡುಗೆಯವರು ಮತ್ತು ಸಹಾಯಕರ ನೇಮಕದಲ್ಲಿ ದಲಿತರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ನೀಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 20ರಂದು ಆದೇಶಿಸಿದೆ. ಇಂತಹ ಸಂದರ್ಭದಲ್ಲಿ ಶಿಕ್ಷಕರು ಮಕ್ಕಳೊಂದಿಗೆ ಅದೇ ಪಂಕ್ತಿಯಲ್ಲಿ ಕುಳಿತು, ಅದೇ ಕೈಯಿಂದ ಬಡಿಸಿದ್ದನ್ನು ಉಣ್ಣುವುದು ಯಾವ ಭಾಷಣಕ್ಕಿಂತಲೂ ಪರಿಣಾಮಕಾರಿ.

ತರಗತಿಯಲ್ಲಿ ಅನುಸರಿಸಬಹುದಾದ ಕ್ರಮಗಳು

ಹೆಸರು: ಮಗುವನ್ನು ಅದರ ಹೆಸರಿನಿಂದಲೇ, ಮನೆಯವರು ಉಚ್ಚರಿಸುವಂತೆಯೇ ಕರೆಯಬೇಕು. ‘ಕರಿಯ’, ‘ಕುಂಟ’, ‘ತೊದಲ’, ‘ತಾಂಡಾದವನೇ’ ಎಂಬ ಅಡ್ಡಹೆಸರುಗಳು ಪ್ರೀತಿಯಿಂದ ಬಂದರೂ ತರಗತಿಗೆ ತಕ್ಕವಲ್ಲ. ವಿದ್ಯಾರ್ಥಿವೇತನ ಮತ್ತು ಸವಲತ್ತುಗಳಿಗೆ ಸಂಬಂಧಿಸಿದ ಜಾತಿ ವಿವರಗಳನ್ನು ಪೋಷಕರೊಂದಿಗೆ ಪ್ರತ್ಯೇಕವಾಗಿ ಮಾತಾಡಬೇಕು.

ಸಾಲು ಮತ್ತು ಗುಂಪು: ‘ಹುಡುಗರು ಇತ್ತ, ಹುಡುಗಿಯರು ಅತ್ತ’ ಎನ್ನುವ ಬದಲು ಹುಟ್ಟಿದ ತಿಂಗಳು, ಹೆಸರಿನ ಮೊದಲ ಅಕ್ಷರ ಅಥವಾ ಚೀಟಿ ಎತ್ತುವ ಮೂಲಕ ಗುಂಪು ಮಾಡಬಹುದು. ಗುಂಪುಗಳನ್ನು ಆಗಾಗ ಬದಲಿಸಬೇಕು. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ ಮಕ್ಕಳು ಕಲಿಕೆಯ ಹಂತಕ್ಕೆ ತಕ್ಕಂತೆ ಗುಂಪುಗಳಲ್ಲಿ ಕೂರುವುದರಿಂದ ಈ ಕೆಲಸ ಸುಲಭ. ಆದರೆ ಹಿಂದುಳಿದ ಗುಂಪಿನಲ್ಲಿ ಒಂದೇ ಕೇರಿಯ ಮಕ್ಕಳು ಸದಾ ಉಳಿದುಬಿಡದಂತೆ ನೋಡಿಕೊಳ್ಳಬೇಕು.

ಕೆಲಸದ ಹಂಚಿಕೆ: ಕಸ ಗುಡಿಸುವುದು, ನೀರು ತರುವುದು, ತಟ್ಟೆ ಹಂಚುವುದು, ಪ್ರಾರ್ಥನೆ ಹೇಳಿಕೊಡುವುದು ಇವೆಲ್ಲಕ್ಕೂ ಸರದಿ ಪಟ್ಟಿ ಇರಬೇಕು. ಪಟ್ಟಿ ಇಲ್ಲದಿದ್ದಲ್ಲಿ ಕಸಪೊರಕೆ ಹುಡುಗಿಯರ ಮತ್ತು ಕೆಲವೇ ಜಾತಿಗಳ ಮಕ್ಕಳ ಕೈಗೆ ಹೋಗುವುದು, ಪ್ರಾರ್ಥನೆ ಇನ್ನು ಕೆಲವರ ಪಾಲಾಗುವುದು ತಾನಾಗಿ ನಡೆಯುತ್ತದೆ.

ಆಟಿಕೆ ಮತ್ತು ಚಿತ್ರ: ಗೋಡೆಯ ಚಿತ್ರಗಳಲ್ಲಿ ತಾಯಿ ಒಲೆಯ ಮುಂದೆ, ತಂದೆ ಕುರ್ಚಿಯಲ್ಲಿ ಮಾತ್ರ ಇದ್ದರೆ, ಹೊಲದಲ್ಲಿ ತೊಗರಿ ಕಟಾವು ಮಾಡುವ ತಾಯಂದಿರನ್ನು ದಿನವೂ ನೋಡುವ ಮಗುವಿಗೆ ಚಿತ್ರವೇ ಸುಳ್ಳು ಹೇಳಿದಂತಾಗುತ್ತದೆ. ಬಸ್ ನಡೆಸುವ ಮಹಿಳೆ, ರೊಟ್ಟಿ ಬಡಿಯುವ ಗಂಡಸು, ಗಾಲಿಕುರ್ಚಿಯಲ್ಲಿ ಕುಳಿತು ಪಾಠ ಮಾಡುವ ಶಿಕ್ಷಕ, ತಾಂಡಾದ ಮನೆ, ಓಣಿಯ ಮನೆ ಎಲ್ಲವೂ ಚಿತ್ರಗಳಲ್ಲಿ ಬರಬೇಕು. ಬಟ್ಟೆಯ ಗೊಂಬೆಗಳನ್ನು ಬೇರೆ ಬೇರೆ ಮೈಬಣ್ಣಗಳಲ್ಲಿ ಸ್ಥಳೀಯವಾಗಿಯೇ ಹೊಲಿಸಬಹುದು.

ಕೆಂಪು ಬಾಳೆಯ ಚಟುವಟಿಕೆ: ಕಮಲಾಪುರದ ಭಾಗದಲ್ಲಿ ಸುಲಭವಾಗಿ ದೊರೆಯುವ ಕೆಂಪು ಬಾಳೆಯನ್ನೂ ಸಾಮಾನ್ಯ ಹಳದಿ ಬಾಳೆಯನ್ನೂ ಮಕ್ಕಳ ಮುಂದಿಟ್ಟು ಮುಟ್ಟಿ, ಮೂಸಿ, ಸುಲಿದು, ತಿಂದು ನೋಡಲು ಹೇಳಬಹುದು. ಸಿಪ್ಪೆಯ ಬಣ್ಣ ಬೇರೆ, ರುಚಿಯಲ್ಲಿಯೂ ಸ್ವಲ್ಪ ವ್ಯತ್ಯಾಸವಿದೆ, ಎರಡೂ ಬಾಳೆಯೇ ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಇಲ್ಲಿ ‘ಒಳಗೆ ಎಲ್ಲವೂ ಒಂದೇ’ ಎಂದು ಮುಗಿಸುವ ಆತುರ ಬೇಡ. ವ್ಯತ್ಯಾಸ ಇರಬಹುದು, ಅದರಿಂದ ಒಂದು ಕೀಳಾಗುವುದಿಲ್ಲ ಎಂಬುದು ಪಾಠದ ತಿರುಳು. ಕೆಂಪು ಬಾಳೆಗೆ ಬೆಲೆ ಹೆಚ್ಚು, ಆದ್ದರಿಂದ ಅದೇ ಮೇಲು ಎಂದು ಯಾವುದಾದರೂ ಮಗು ಹೇಳಬಹುದು. ಸಂತೆಯಲ್ಲಿ ಹಣ್ಣಿಗೆ ಬೆಲೆ ಕಟ್ಟುತ್ತಾರೆ, ಮನುಷ್ಯರಿಗೆ ಕಟ್ಟುವುದಿಲ್ಲ ಎಂಬ ಉತ್ತರಕ್ಕೆ ಶಿಕ್ಷಕರು ಸಿದ್ಧರಾಗಿರಬೇಕು.

ಹಬ್ಬ ಮತ್ತು ವೇಷಭೂಷಣ: ರಾಜ್ಯೋತ್ಸವದಂದು ಒಂದು ಮಗುವಿಗೆ ಲಂಬಾಣಿ ಉಡುಪು ತೊಡಿಸಿ ಕುಣಿಸುವುದು ಅನೇಕ ಶಾಲೆಗಳಲ್ಲಿದೆ. ವರ್ಷದಲ್ಲಿ ಒಂದು ದಿನ ಕನ್ನಡಿ ಹಚ್ಚಿದ ಲಂಗವನ್ನು ಮೆಚ್ಚಿ, ಉಳಿದ ದಿನ ತಾಂಡಾದ ಮಗುವಿನ ಮಾತನ್ನು ನಗೆಪಾಟಲು ಮಾಡಿದರೆ ಫಲವಿಲ್ಲ. ಹೀಗೆ ಬೇರೆಯವರ ಬದುಕನ್ನು ಪ್ರವಾಸಿಗಳಂತೆ ನೋಡಿ ಬರುವ ಪಾಠಗಳನ್ನು ಡರ್ಮನ್-ಸ್ಪಾರ್ಕ್ಸ್ ‘ಪ್ರವಾಸಿ ಪಠ್ಯಕ್ರಮ’ ಎಂದು ಕರೆದು ಟೀಕಿಸಿದ್ದಾರೆ.

ಅಂಗವೈಕಲ್ಯ: ಅಂಗವಿಕಲರ ಹಕ್ಕುಗಳ ಅಧಿನಿಯಮ, 2016 ಒಟ್ಟು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಕಿವಿ ಕೇಳದ ಮಗುವನ್ನು ಮುಂದೆ ಕೂರಿಸುವುದು, ಆಟದ ನಿಯಮವನ್ನು ಎಲ್ಲರೂ ಆಡಬಲ್ಲಂತೆ ಬದಲಿಸುವುದು ಸಣ್ಣ ಕ್ರಮಗಳಾದರೂ ಉಪಯುಕ್ತ. ‘ಪಾಪ’ ಎಂಬ ಮರುಕದ ಮಾತು ಕೂಡ ಮಗುವನ್ನು ಕೆಳಗಿಡುತ್ತದೆ.

ಶಿಕ್ಷಕರ ಸ್ವಯಂ ಪರಿಶೀಲನೆ: ಒಂದು ವಾರದ ಮಟ್ಟಿಗೆ ತಾವು ಯಾರಿಗೆ ಪ್ರಶ್ನೆ ಕೇಳಿದೆವು, ಯಾರನ್ನು ಹೊಗಳಿದೆವು, ಯಾರನ್ನು ಎತ್ತಿಕೊಂಡೆವು, ಯಾರನ್ನು ನೀರು ತರಲು ಕಳಿಸಿದೆವು ಎಂಬುದನ್ನು ಹಾಜರಿ ಪಟ್ಟಿಯ ಮುಂದೆ ಗೆರೆ ಎಳೆದು ಗುರುತಿಸಿಕೊಂಡರೆ, ತಮಗೇ ತಿಳಿಯದ ಪಕ್ಷಪಾತ ಕಣ್ಣಿಗೆ ಬೀಳುತ್ತದೆ.

ನೋವಿನ ಮಾತು ಬಂದಾಗ

“ಅವ ಕರ್ರಗ ಅದಾನ, ಅವನ ಬಾಜೂಕ ನಾ ಕೂಡಂಗಿಲ್ಲ” ಎಂದು ನಾಲ್ಕು ವರ್ಷದ ಮಗು ಹೇಳಿತು ಎಂದು ಭಾವಿಸೋಣ. ಕೇಳದಂತೆ ಇರುವುದೂ, ಹೇಳಿದ ಮಗುವನ್ನು ಹೊಡೆಯುವುದೂ ಸಾಮಾನ್ಯವಾಗಿ ಕಾಣುವ ಎರಡು ಪ್ರತಿಕ್ರಿಯೆಗಳು. ಮೊದಲನೆಯದರಿಂದ ಆ ಮಾತಿಗೆ ಒಪ್ಪಿಗೆ ಸಿಕ್ಕಂತಾಗುತ್ತದೆ. ಎರಡನೆಯದರಿಂದ ಆ ಮಾತನ್ನು ಶಿಕ್ಷಕರ ಹಿಂದೆ ಆಡಬೇಕೆಂಬುದನ್ನು ಮಗು ಕಲಿಯುತ್ತದೆ.

ಸೂಕ್ತ ಕ್ರಮದಲ್ಲಿ ಐದು ಹೆಜ್ಜೆಗಳಿವೆ. ಮೊದಲು ಮಾತನ್ನು ಅಲ್ಲಿಯೇ ನಿಲ್ಲಿಸಬೇಕು. ಎರಡನೆಯದಾಗಿ ನೊಂದ ಮಗುವಿನ ಬಳಿ ಹೋಗಿ, ಆ ಮಾತು ತಪ್ಪು, ಅವನದೇನೂ ತಪ್ಪಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಮೂರನೆಯದಾಗಿ ಹೇಳಿದ ಮಗುವನ್ನು ಶಾಂತವಾಗಿ ‘ಹಾಗೇಕೆ ಅನಿಸಿತು’ ಎಂದು ಕೇಳಬೇಕು. ಕಪ್ಪು ಬಣ್ಣ ಅಂಟಿಕೊಳ್ಳುತ್ತದೆ ಅಥವಾ ಅದು ಕೊಳೆ ಎಂಬ ತಪ್ಪು ತಿಳುವಳಿಕೆಯೇ ಅನೇಕ ವೇಳೆ ಅದರ ಹಿಂದಿರುತ್ತದೆ. ನಾಲ್ಕನೆಯದಾಗಿ ಸರಳವಾದ ನಿಜವನ್ನು ತಿಳಿಸಬೇಕು: ಚರ್ಮದಲ್ಲಿ ಮೆಲನಿನ್ ಎಂಬ ವಸ್ತು ಹೆಚ್ಚಿದ್ದರೆ ಬಣ್ಣ ಗಾಢವಾಗುತ್ತದೆ, ಅದು ತಂದೆತಾಯಿಗಳಿಂದ ಬರುತ್ತದೆ, ತೊಳೆದರೆ ಹೋಗುವುದಿಲ್ಲ, ಹೋಗಬೇಕಾದುದೂ ಅಲ್ಲ. ಐದನೆಯದಾಗಿ ಮುಂದಿನ ದಿನಗಳಲ್ಲಿ ಆ ಇಬ್ಬರೂ ಕೂಡಿ ಮಾಡುವ ಕೆಲಸವೊಂದನ್ನು ಕೊಟ್ಟು, ಕಥೆ ಅಥವಾ ಗೊಂಬೆಯಾಟದ ಮೂಲಕ ವಿಷಯವನ್ನು ಮತ್ತೆ ತರಬೇಕು. ಬಲವಂತದ ಕ್ಷಮೆ ಕೇಳಿಸುವುದರಿಂದ ಈ ವಯಸ್ಸಿನಲ್ಲಿ ಹೆಚ್ಚಿನ ಪ್ರಯೋಜನವಿಲ್ಲ.

ಪೋಷಕರೊಂದಿಗೆ ವ್ಯವಹಾರ

ಮಗುವಿನ ಬಾಯಲ್ಲಿ ಬರುವ ಮಾತು ಬಹುಮಟ್ಟಿಗೆ ಮನೆಯದು. ಆದರೂ ಪೋಷಕರನ್ನು ಕರೆಸಿ ದೂರುವುದರಿಂದ ಮಗುವಿಗೆ ಮನೆಯಲ್ಲಿ ಪೆಟ್ಟು ಬೀಳುವುದೇ ಹೆಚ್ಚು. ತಾಯಂದಿರ ಸಭೆಯಲ್ಲಿ ಯಾರ ಹೆಸರನ್ನೂ ಹೇಳದೆ ಶಾಲೆಯ ನಿಯಮಗಳನ್ನು ತಿಳಿಸುವುದು, ಬೇರೆ ಬೇರೆ ಕೇರಿಗಳ ಅಜ್ಜಿಯರನ್ನು ಕಥೆ ಹೇಳಲು ಕರೆಯುವುದು, ಪೋಷಕರ ಸಭೆಯನ್ನು ಒಮ್ಮೆ ತಾಂಡಾದಲ್ಲಿ, ಒಮ್ಮೆ ಊರಲ್ಲಿ ನಡೆಸುವುದು ಉಪಯುಕ್ತ. ದಾಖಲಾತಿಯ ಹೊತ್ತಿನಲ್ಲಿ ತಂದೆಯ ಹೆಸರಿಗಾಗಿ ಒಂಟಿ ತಾಯಿಯನ್ನು ಎಲ್ಲರೆದುರು ಪ್ರಶ್ನಿಸುವುದನ್ನು ತಪ್ಪಿಸಬೇಕು. ‘ನನ್ನ ಕುಟುಂಬ’ ಎಂಬ ಪಾಠದಲ್ಲಿ ಅಜ್ಜಿಯೊಡನೆ ಇರುವ ಮಗು, ದುಡಿಯಲು ಹೋದ ತಂದೆತಾಯಿಗಳ ಮಗು ತನ್ನ ಮನೆಯನ್ನು ಇರುವಂತೆಯೇ ಬಿಡಿಸಲು ಅವಕಾಶವಿರಬೇಕು.

ಕಾನೂನು ಮತ್ತು ನೀತಿ

ಸಂವಿಧಾನದ 15ನೆಯ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು 350ಎ ವಿಧಿಯು ರಾಜ್ಯಗಳಿಗೆ ಸೂಚಿಸುತ್ತದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ದುರ್ಬಲ ವರ್ಗ ಮತ್ತು ಅವಕಾಶವಂಚಿತ ಗುಂಪುಗಳ ಮಕ್ಕಳ ವಿರುದ್ಧ ತಾರತಮ್ಯವಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ; ಅದರ 17ನೆಯ ಪ್ರಕರಣವು ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ಈ ಕಾಯಿದೆಯ ವ್ಯಾಪ್ತಿ ಆರರಿಂದ ಹದಿನಾಲ್ಕು ವರ್ಷದವರಿಗೆ ಸೀಮಿತವಾಗಿರುವುದರಿಂದ ಅಂಗನವಾಡಿಯ ಮಕ್ಕಳು ಅದರ ಹೊರಗೆ ಉಳಿಯುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತು 2022ರಲ್ಲಿ ಹೊರಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷವನ್ನು ಒಂದೇ ಹಂತವಾಗಿ ಪರಿಗಣಿಸಿ, ಮನೆಮಾತಿನ ಬಳಕೆಗೆ ಒತ್ತು ಕೊಟ್ಟಿವೆ.

ಆಕ್ಷೇಪಣೆಗಳು ಮತ್ತು ಮಿತಿಗಳು

ಚಿಕ್ಕ ಮಕ್ಕಳ ಮುಂದೆ ಭೇದಗಳ ಮಾತೆತ್ತಿದರೆ ಇಲ್ಲದ ಭೇದವನ್ನು ಬಿತ್ತಿದಂತಾಗುತ್ತದೆ ಎಂಬುದು ಮುಖ್ಯ ಆಕ್ಷೇಪಣೆ. ಜಾತಿಯ ವಿಷಯದಲ್ಲಿ ಇದಕ್ಕೆ ಸ್ವಲ್ಪ ಬಲವಿದೆ. ಮೈಬಣ್ಣ ಕಣ್ಣಿಗೆ ಕಾಣುತ್ತದೆ, ಜಾತಿ ಕಾಣುವುದಿಲ್ಲ. ಅಮೆರಿಕದ ವರ್ಣಭೇದವನ್ನು ಎದುರಿಸಲು ರೂಪುಗೊಂಡ ಪಾಠಗಳನ್ನು ಹಾಗೆಯೇ ತಂದು ಜಾತಿಯ ಹೆಸರು ಹೇಳಿ ಚರ್ಚಿಸುವುದು ನಾಲ್ಕು ವರ್ಷದ ಮಗುವಿಗೆ ಹೊಂದುವುದಿಲ್ಲ. ಆದ್ದರಿಂದ ಈ ವಯಸ್ಸಿನಲ್ಲಿ ಜಾತಿಯನ್ನು ಹೆಸರಿಸುವುದಕ್ಕಿಂತ ಅದು ಕೆಲಸ ಮಾಡುವ ಸ್ಥಳಗಳಾದ ನೀರು, ತಟ್ಟೆ, ಪಂಕ್ತಿ, ಪೊರಕೆ ಮತ್ತು ಸಂಬೋಧನೆಗಳನ್ನು ಸರಿಪಡಿಸುವುದು ವಿವೇಕದ ಮಾರ್ಗ. ಭೇದದ ಮಾತನ್ನು ಮಗುವೇ ಎತ್ತಿದಾಗ ಮಾತ್ರ ಮೌನ ಸರಿಯಲ್ಲ.

ಎರಡನೆಯ ಮಿತಿ ಶಿಕ್ಷಕರ ಮೇಲಿನ ಹೊರೆ. ಅಂಗನವಾಡಿ ಕಾರ್ಯಕರ್ತೆಯರು ಗೌರವಧನಕ್ಕೆ ದುಡಿಯುವವರು. ಪೌಷ್ಟಿಕ ಆಹಾರ, ತೂಕದ ದಾಖಲೆ, ಸಮೀಕ್ಷೆ, ಲಸಿಕೆಯ ಕೆಲಸಗಳ ನಡುವೆ ಶಾಲಾಪೂರ್ವ ಶಿಕ್ಷಣಕ್ಕೆ ಉಳಿಯುವ ಸಮಯ ಕಡಿಮೆ. ಸ್ವತಃ ಕಾರ್ಯಕರ್ತೆ ಅಥವಾ ಸಹಾಯಕಿಯೇ ಜಾತಿಯ ಕಾರಣಕ್ಕೆ ಅವಮಾನ ಅನುಭವಿಸುವ ಊರಿನಲ್ಲಿ, ಮೇಲಧಿಕಾರಿಗಳ ಮತ್ತು ಪಂಚಾಯಿತಿಯ ಬೆಂಬಲವಿಲ್ಲದೆ ಆಕೆಯೊಬ್ಬಳಿಂದ ಬದಲಾವಣೆ ಆಗದು.

ಮೂರನೆಯದು ಶಾಲೆಗಳ ವಿಭಜನೆ. ಅನುಕೂಲವಿರುವ ಮನೆಗಳ ಮಕ್ಕಳು ಖಾಸಗಿ ಇಂಗ್ಲಿಷ್ ಮಾಧ್ಯಮದ ಶಿಶುವಿಹಾರಗಳಿಗೆ ಹೋದಂತೆ, ಅಂಗನವಾಡಿ ಒಂದೇ ವರ್ಗದ ಮಕ್ಕಳ ಸ್ಥಳವಾಗುತ್ತ ಬರುತ್ತದೆ. ಕಲ್ಯಾಣ ಕರ್ನಾಟಕದ ಸುಮಾರು ಸಾವಿರ ಸರ್ಕಾರಿ ಶಾಲೆಗಳಲ್ಲಿ 2024ರಲ್ಲಿ ಪೂರ್ವ ಪ್ರಾಥಮಿಕ ತರಗತಿಗಳನ್ನು ತೆರೆಯಲು ಸರ್ಕಾರ ಕ್ರಮ ಕೈಗೊಂಡಾಗ, ಅಂಗನವಾಡಿಗಳ ಭವಿಷ್ಯದ ಬಗ್ಗೆ ಕಾರ್ಯಕರ್ತೆಯರು ಆತಂಕ ವ್ಯಕ್ತಪಡಿಸಿದರು. ಮಕ್ಕಳು ಎಲ್ಲಿ ಕಲಿತರೂ, ಬೇರೆ ಬೇರೆ ಮನೆಗಳ ಮಕ್ಕಳು ಒಂದೇ ಚಾಪೆಯ ಮೇಲೆ ಕೂರುವ ಅವಕಾಶ ಉಳಿದರೆ ಮಾತ್ರ ಮೇಲಿನ ಕ್ರಮಗಳಿಗೆ ಅರ್ಥವಿರುತ್ತದೆ. ಒಬ್ಬರನ್ನೊಬ್ಬರು ನೋಡದೆಯೇ ಬೆಳೆದ ಮಕ್ಕಳಲ್ಲಿ ಪೂರ್ವಗ್ರಹವನ್ನು ತಿದ್ದಲು ಯಾವ ಶಿಕ್ಷಕರಿಗೂ ಸಂದರ್ಭ ಒದಗುವುದಿಲ್ಲ.